ಸ್ಥಳೀಯರನ್ನು ಕೇಳಿ

ಭಾರ ಹಿಂದಕ್ಕೆ ಬೀಳಬಾರದು ಎಂದು ಬೆಟ್ಟಯ್ಯ ಹೇಳುತ್ತಿದ್ದ. ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದಿಂದ ಎರಡು ಅಡ್ಡರಸ್ತೆ ಒಳಗಿನ ಅವನ ಗ್ಯಾರೇಜಿನಲ್ಲಿ ಚನ್ನವೀರೇಶನ ಬುಲೆಟ್ಟು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಹಾಗೆ, ಹಿಂದಿನ ಚಕ್ರ ಬಿಚ್ಚಿಸಿಕೊಂಡು ನಿಂತಿತ್ತು. ಎರಡು ಪಕ್ಕಕ್ಕೂ ಚೀಲ ತೂಗುಹಾಕಲು ಕಬ್ಬಿಣದ ಚೌಕಟ್ಟು ಬೆಸೆದದ್ದಾಗಿತ್ತು. ಮೂರು ತಿಂಗಳ ಹಿಂದೆ ಹಾಕಿದ ಹೊಸ ಚೈನು ಓಡದೆಯೇ ಹಳೆಯದಾಗುತ್ತ ಬಂದಿತ್ತು. “ಭಾರ ಎಲ್ಲ ನಿಮ್ ಸೊಂಟದ್ ಹತ್ರ ಇರ್ಬೇಕು ಸಾರ್. ಹಿಂದಕ್ ಜಾಸ್ತಿ ಆಯ್ತು ಅಂದ್ರೆ ಮುಂದಿನ್ ಚಕ್ರ ನಿಮ್ ಮಾತ್ ಕೇಳಲ್ಲ. ಒಂದೊಂದ್ ಸಾಮಾನೂ ತೂಕ ಹಾಕಿ ಬರ್ಕೊಂಡ್ ಬನ್ನಿ” ಎಂದ. ಚನ್ನವೀರೇಶ ತಲೆಯಾಡಿಸಿ ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡ. ಅದು ನೂರ ಹದಿನಾಲ್ಕನೆಯ ಸಲಹೆ. ಬೆಂಗಳೂರಿನಿಂದ ಹಿಮಾಚಲದ ಸ್ಪಿತಿ ಕಣಿವೆಗೆ, ಅಲ್ಲಿ ಕಾಜಾ ಎಂಬ ಊರಿಗೆ, ಆಮೇಲೆ ಚಂದ್ರತಾಲ್ ಎಂಬ ಸರೋವರಕ್ಕೆ, ಸುಮಾರು ಮೂರು ಸಾವಿರ ಕಿಲೋಮೀಟರು. ನಲವತ್ತಾರು ವರ್ಷದ, ವಿಜಯನಗರದ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟಾಗಿದ್ದ, ಇಲ್ಲಿಯವರೆಗೆ ಗಾಡಿಯಲ್ಲಿ ಶಿವಗಂಗೆಯನ್ನು ದಾಟಿ ಹೋಗದ ಮನುಷ್ಯ ಅವನು. ಹೊರಡುವ ದಿನ ಮುಂದೆ ಮುಂದೆ ಹೋಗುತ್ತಿತ್ತು, ಗಾಡಿ ನಿಂತಲ್ಲೇ ಇತ್ತು. ಈ ಸಲವಾದರೂ ಖಾತ್ರಿಯಾ ಎಂದು ಬೆಟ್ಟಯ್ಯ ಕೇಳಿದ. ಬರುವ ಸೋಮವಾರ ಎಂದ. ಹೇಳಿದ ಮೇಲೆ, ಆ ಮಾತು ಬೇರೆ ಯಾರದೋ ಬಾಯಿಂದ ಬಿದ್ದ ಹಾಗೆ, ನೆಲದಲ್ಲಿ ಚೆಲ್ಲಿದ ಗ್ರೀಸಿನ ಕಡೆ ನೋಡಿದ. ಎಡಗೈ ಜೋಮು ಹಿಡಿದಿತ್ತು. ಕ್ಲಚ್ಚು ಬಿಗಿಯಾಗಿದೆಯೇನೋ ಎಂದು ಹೇಳಿದ್ದಕ್ಕೆ ಬೆಟ್ಟಯ್ಯ ಒತ್ತಿ ನೋಡಿ, ಕ್ಲಚ್ಚು ಬೆಣ್ಣೆ ಇದ್ದಂಗಿದೆ, ಕೈ ತೋರ್ಸ್ಕೊಳ್ಳಿ ಸಾರ್ ಎಂದ.

ಎಲ್ಲರೂ ಸಲಹೆ ಕೊಡುತ್ತಿದ್ದರು. ಎಂದೂ ಎಲ್ಲಿಗೂ ಹೋಗದವರು ಹೆಚ್ಚು ಕೊಡುತ್ತಿದ್ದರು. ಸಲಹೆಯ ಗಾಡಿಗೆ ಗೇರು ಐದು, ಬ್ರೇಕು ಒಂದೂ ಇಲ್ಲ ಎಂದು ಚನ್ನವೀರೇಶ ಮೊದಮೊದಲು ಕಾಲೇಜಿನಲ್ಲಿ ಹೇಳಿ ನಗಿಸಿದ್ದ. ಬಸವೇಶ್ವರನಗರದ ಅವನ ಮನೆಯ ಎದುರಿಗಿದ್ದ ವೆಂಕಟಗಿರಿ ರಾಯರು, ಧಾರವಾಡದ ಆಚೆಗೆ ರೈಲಿನಲ್ಲೂ ಹೋಗದವರು, ನಾಗಪುರದಲ್ಲಿ ಕಿತ್ತಳೆ ಎಲ್ಲಿ ಕೊಳ್ಳಬಾರದು ಎಂದು ಮುಕ್ಕಾಲು ಗಂಟೆ ತಿಳಿಹೇಳಿದ್ದರು. ಸ್ಪಿತಿ ಅಂದರೆ ನಮ್ಮ ಸ್ಥಿತಿಯೇ ಕಣಯ್ಯಾ, ಬಾಯಿ ಚಳಿಗೆ ಹೊಲಿದುಹೋಗಿ ಹಾಗೆ ಹೇಳ್ತಾರೆ ಎಂದಿದ್ದರು. ಹೆಂಡತಿ ಜ್ಯೋತಿಲಕ್ಷ್ಮಿ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅವಳು ದಿನಕ್ಕೆ ಇಷ್ಟು ಕಿಲೋಮೀಟರು ಎಂದು ಭಾಗಿಸಿ ಕೊಟ್ಟು, ಹೋಗಿ ಬನ್ನಿ, ನಿಮ್ಮ ಮುಖ ಬದಲಾದರೆ ಸಾಕು ಎಂದಿದ್ದಳು. ಇವರೆಲ್ಲ ಸಾಲದೆ, ಬೈಕು ಓಡಿಸುವವರ ಜಾಲತಾಣವೊಂದರಲ್ಲಿ ಅವನು ‘ದಾರಿಯ ಸ್ಥಳೀಯರ ಸಲಹೆ ಬೇಕಾಗಿದೆ’ ಎಂದು ಬರೆದ. ಝಾನ್ಸಿಯ ಪಂಪುಸೆಟ್ಟಿನ ವ್ಯಾಪಾರಿಯೊಬ್ಬ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಗಾಡಿ ಮುಟ್ಟಬೇಡಿ ಎಂದ. ನಾಗಪುರದಾಚೆಯ ಘಟ್ಟದಲ್ಲಿ ಕೋತಿಗಳಿಗೆ ಬಿಸ್ಕತ್ತು ತೋರಿಸಬೇಡಿ ಎಂದು ಒಬ್ಬ ಮೇಷ್ಟ್ರು ಬರೆದರು. ಚಂಡೀಗಢದ ನಿವೃತ್ತ ಸುಬೇದಾರರೊಬ್ಬರು ದಿನಾ ಬೆಳಿಗ್ಗೆ ಫೋನು ಮಾಡಿ, ಹೊರಟಿರಾ ಎಂದು ಕೇಳತೊಡಗಿದರು. ಊಟದ ಮೇಜಿನಲ್ಲಿ ಚನ್ನವೀರೇಶ ಇವರೆಲ್ಲರ ದನಿ ತೆಗೆಯುತ್ತಿದ್ದ. ಸುಬೇದಾರರ ಕೆಮ್ಮು, ವ್ಯಾಪಾರಿಯ ‘ಭಾಯಿಸಾಬ್’, ಮೇಷ್ಟ್ರ ಮೂಗು. ಜ್ಯೋತಿಲಕ್ಷ್ಮಿ ನಗುತ್ತಿದ್ದಳು. ತಾಯಿ ಕಲ್ಯಾಣಮ್ಮ ರೊಟ್ಟಿ ಮುರಿಯುತ್ತ, ಸಾರಿನ ಬಟ್ಟಲನ್ನು ಅವನ ಕಡೆ ಸ್ವಲ್ಪ ಸರಿಸುತ್ತಿದ್ದರು.

ಅನುಕರಣೆ ಅವನಿಗೆ ಕಲಿತು ಬಂದದ್ದಲ್ಲ, ಸೀನಿನ ಹಾಗೆ ತಡೆಯಲಾಗದೆ ಬರುತ್ತಿದ್ದದ್ದು. ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಲೈಬ್ರರಿಯವರನ್ನು ಎರಡು ಸಲ ಎದ್ದು ನಿಲ್ಲಿಸಿದ್ದ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅಪ್ಪಾಜಿಯದು. ಬಸವಲಿಂಗಪ್ಪನವರು ದಾವಣಗೆರೆಯಿಂದ ಬಂದು ವಿದ್ಯುತ್ ಮಂಡಳಿಯಲ್ಲಿ ಮೂವತ್ತೆರಡು ವರ್ಷ ದುಡಿದರೂ ಈ ಊರಿನ ದಾರಿಗಳನ್ನು ಪೂರ್ತಿ ನಂಬಿದವರಲ್ಲ. ಗೊತ್ತಿರುವ ವಿಳಾಸಕ್ಕೂ ಸ್ಕೂಟರು ನಿಲ್ಲಿಸಿ, ಒಂದು ಕಾಲು ಊರಿ, ಯಾರಾದರೂ ಸಿಕ್ಕಿದವರನ್ನು “ತಮ್ಮಾ, ಒಂಚೂರು ದಾರಿ ಹೇಳ್ತೀಯೇನಪ್ಪಾ” ಎಂದು ಕೇಳಬೇಕು. ಆ ‘ಒಂಚೂರು’ ಎಂಬಲ್ಲಿ ಗಂಟಲು ಸ್ವಲ್ಪ ಕಟ್ಟಿ, ‘ಪ್ಪಾ’ ಎಂಬಲ್ಲಿ ಬಿಡುವುದು. ಮನೆಯಲ್ಲಿ ಯಾವ ಕಾರ್ಯ ನಡೆದರೂ ಅದನ್ನು ಒಂದು ಸಲ ಹೇಳಿಸದೆ ನೆಂಟರು ಅವನನ್ನು ಬಿಡುತ್ತಿರಲಿಲ್ಲ, ಅಪ್ಪಾಜಿಯೇ ಮೊದಲು ನಗುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ, ಊಟವಾದ ಮೇಲೆ, ಸೋದರತ್ತೆ ಎಲೆಯಡಿಕೆ ಮಡಿಸುತ್ತ, ಒಂದೇ ಒಂದ್ ಸಲ ನಮ್ಮಣ್ಣನ್ ದನಿ ಮಾಡಪ್ಪಾ, ಕಿವಿ ತುಂಬ್ಕೊಂಡ್ ಹೋಗ್ತೀನಿ ಎಂದಳು. ಹಜಾರದಲ್ಲಿ ನಲವತ್ತು ಜನ ಅವನ ಕಡೆ ತಿರುಗಿದರು. ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಗಂಟಲಿನಲ್ಲಿ ಅಪ್ಪಾಜಿ ಇರುತ್ತಿದ್ದ ಜಾಗ ಖಾಲಿ ಮಾಡಿದ ಬಾಡಿಗೆ ಮನೆಯ ಹಾಗೆ ತಣ್ಣಗಿತ್ತು. ದುಃಖ ಎಂದುಕೊಂಡು ಅತ್ತೆ ಅವನ ತಲೆ ಸವರಿದಳು. ಅದು ದುಃಖವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಆಗ ಅನ್ನಿಸಿತ್ತು. ಈಗ, ಗ್ಯಾರೇಜಿನ ಹೊರಗೆ ಆಟೋ ಕಾಯುತ್ತಿರುವಾಗ, ಮೇಲೆ ಮೆಟ್ರೋ ಹಾದುಹೋಗಿ ಕಂಬ ನಡುಗಿದಾಗ, ಜಾಕೆಟ್ಟಿನ ಒಳಜೇಬನ್ನು ಹೊರಗಿನಿಂದಲೇ ಬೆರಳಿನಿಂದ ಮುಟ್ಟಿ ನೋಡಿಕೊಂಡ. ಇತ್ತು.

ಇದ್ದದ್ದು ಅಪ್ಪಾಜಿಯ ಇಷ್ಟಲಿಂಗ. ನೇರಳೆಹಣ್ಣಿನ ಗಾತ್ರದ್ದು, ಕರಿ ಅರಗಿನ ಹೊದಿಕೆಯದ್ದು, ಎಪ್ಪತ್ತು ವರ್ಷ ಎದೆಯ ಮೇಲೆ ಬೆಳ್ಳಿಯ ಕರಡಿಗೆಯೊಳಗೆ ಇದ್ದದ್ದು. ಅದು ಅವರೊಡನೆ ಮಣ್ಣಿಗೆ ಹೋಗಬೇಕಾಗಿತ್ತು. ಹೋಗಿರಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನಿಗೆ ಒಳಗೆ ಕರೆದೊಯ್ಯುವ ಮುಂಚೆ ಲೋಹದ್ದೇನೂ ಮೈಮೇಲೆ ಇರಬಾರದು ಎಂದಿದ್ದರು. ಕೈಗಡಿಯಾರ, ಉಡದಾರ, ಹಲ್ಲಿನ ಸೆಟ್ಟು ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹೋಯಿತು. ಕೊರಳಿನ ಶಿವದಾರಕ್ಕೆ ಕೈ ಹಾಕಿದಾಗ ಮಾತ್ರ, ಪಾರ್ಶ್ವವಾಯು ಹೊಡೆದು ಅರ್ಧ ಮಾತು ನಿಂತಿದ್ದ ಅಪ್ಪಾಜಿ, ಆಡುತ್ತಿದ್ದ ಒಂದು ಕೈಯಲ್ಲಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೇಡ ಎಂಬುದು ‘ಬೇ’ ಎಂದಷ್ಟೇ ಬಂತು. ಹಿಂದೆ ಇನ್ನೂ ನಾಲ್ಕು ಸ್ಟ್ರೆಚರು ಕಾಯುತ್ತಿದ್ದವು. ಸಿಸ್ಟರು ಗಡಿಯಾರ ನೋಡಿದಳು. ಆಗ ಚನ್ನವೀರೇಶ ಒಂದು ತಮಾಷೆ ಮಾಡಿದ. ಊರಿನ ಮಠದ ಹಿರಿಯ ಸ್ವಾಮಿಗಳ ರಾಗದಲ್ಲಿ, ಮೂಗಿನಿಂದ, “ಭಕ್ತಾ, ಲಿಂಗ ಎಲ್ಲಿಗೂ ಹೋಗೋದಿಲ್ಲ, ಹೋಗಿ ಬರೋದು ನೀನು” ಎಂದ. ಸಿಸ್ಟರು ಕಿಸಕ್ಕನೆ ನಕ್ಕಳು. ಅಪ್ಪಾಜಿಗೂ ಬಾಯಿಯ ಒಂದು ತುದಿ ಎದ್ದಿತು, ಬೆರಳು ಸಡಿಲವಾಯಿತು. ಅವನು ಕರಡಿಗೆ ತೆರೆದು ಲಿಂಗವನ್ನು ಮಾತ್ರ ಅವರ ಎಡಗೈಯಲ್ಲಿ ಇಟ್ಟ, ಕಲ್ಲಿಗೇನು ತೊಂದರೆ ಎಂದು. ಖಾಲಿ ಕರಡಿಗೆ ಕವರಿಗೆ ಬಿತ್ತು, ಕವರು ಅಮ್ಮನ ಕೈಗೆ ಹೋಯಿತು. ಸ್ಟ್ರೆಚರು ತಳ್ಳಿಕೊಂಡು ಬಾಗಿಲವರೆಗೆ ಹೋದವರು, ಕೈ ನೀಟಾಗಿ ಚಾಚಿರಬೇಕು ಎಂದು ಲಿಂಗವನ್ನು ಹತ್ತಿಯಲ್ಲಿ ಸುತ್ತಿ ಅವನಿಗೇ ವಾಪಸ್ಸು ಕೊಟ್ಟರು. ಅವನು ಅದನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿದ. ಆಮೇಲೆ ಫಾರಮ್ಮುಗಳು, ಸಹಿ, ಮತ್ತೆ ಫಾರಮ್ಮು, ಐಸಿಯು ಹೊರಗಿನ ಉಕ್ಕಿನ ಕುರ್ಚಿ. ಮಾರನೆಯ ಮಧ್ಯಾಹ್ನ ಅಪ್ಪಾಜಿ ಹೋದರು. ಲಿಂಗ ಎಲ್ಲಿ ಎಂದು ಭಾವ ಕೊಟ್ರಪ್ಪ ಕೇಳಿದಾಗ ಅವನು, ಕರಡಿಗೆ ಅಮ್ಮನ ಹತ್ರ ಇದೆ ಎಂದ. ಸುಳ್ಳಲ್ಲ. ಅವರ ಮನೆಯಲ್ಲಿ ಕರಡಿಗೆ ಅಂದರೂ ಲಿಂಗ ಅಂದರೂ ಒಂದೇ. ಕೊಡ ಇದೆಯೇ ಎಂದು ಕೇಳಿದವರು ನೀರಿದೆಯೇ ಎಂದು ಬೇರೆ ಕೇಳುವುದಿಲ್ಲ.

ಬೆಂಗಳೂರಿನದೇ ರುದ್ರಭೂಮಿಯಲ್ಲಿ, ಗುಣಿಯ ಮಣ್ಣಿನ ಗೋಡೆ ಕೊರೆದು ಮಾಡಿದ ಗೂಡಿನೊಳಗೆ ಅಪ್ಪಾಜಿಯನ್ನು ಪದ್ಮಾಸನದಲ್ಲಿ ಕೂರಿಸಿದ್ದರು. ಒಬ್ಬನೇ ಮಗನಾದ್ದರಿಂದ ಅವನೇ ಇಳಿದ. ಮೇಲಿನಿಂದ ಕಲ್ಯಾಣಮ್ಮ ಬಾಗಿ ಕರಡಿಗೆಯನ್ನು ಅವನ ಕೈಗೆ ಕೊಟ್ಟರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಗುಣಿಯ ಅಂಚಿನಲ್ಲಿ ಕೂತು, ಎಡಗೈಯಲ್ಲಿ ಲಿಂಗ ಇಟ್ಟು ಬೆರಳು ಮುಚ್ಚಪ್ಪಾ ಎಂದರು. ಅವನು ಮುಚ್ಚಳ ತೆರೆದ. ಒಳಗೆ ಒಂದು ಒಣ ಬಿಲ್ವದ ಎಸಳು, ವಿಭೂತಿಯ ಪುಡಿ. ತಲೆಯೆತ್ತಿದ. ಸುತ್ತಲೂ ಮುಖಗಳು, ಮುಖಗಳ ಹಿಂದೆ ಬಿಳಿ ಆಕಾಶ, ಯಾರದೋ ಫೋನು ರಿಂಗಾಗಿ ಅವಸರದಲ್ಲಿ ನಿಂತಿತು. ಮೈಯೆಲ್ಲ ಕಿವಿಯಾದ ಹಾಗೆ, ಆದರೆ ಕೇಳಲು ಏನೂ ಇಲ್ಲದ ಹಾಗೆ ಇತ್ತು. ಆಗ ಅವನ ಕೈಗಳು ತಾವಾಗಿ ಕೆಲಸ ಮಾಡಿದವು. ಹೆಬ್ಬೆರಳು ಮತ್ತು ಎರಡು ಬೆರಳುಗಳು ಕರಡಿಗೆಯೊಳಗಿಂದ ಏನನ್ನೋ ಎತ್ತಿದವು, ಅದಕ್ಕೆ ಇಷ್ಟೇ ಭಾರ ಎನ್ನುವಷ್ಟು ಮೆಲ್ಲನೆ ಎತ್ತಿ ಹಣೆಗೆ ಒತ್ತಿಕೊಂಡವು, ಅಪ್ಪಾಜಿಯ ತಣ್ಣನೆಯ ಅಂಗೈಯಲ್ಲಿ ಇಟ್ಟು, ಒಂದೊಂದಾಗಿ ಅವರ ಬೆರಳುಗಳನ್ನು ಮಡಿಸಿದವು. ಹಿಂದೊಮ್ಮೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹೀಗೆಯೇ ಇಲ್ಲದ ಚಹಾ ಕುಡಿದು, ಇಲ್ಲದ ನಾಲಗೆ ಸುಟ್ಟುಕೊಂಡು ಅವನು ಪ್ರೈಜು ತೆಗೆದುಕೊಂಡಿದ್ದ. ಆಯ್ತಾ ಎಂದರು ಅಯ್ಯನವರು. ಆಯ್ತು ಎಂದ. ವಿಭೂತಿ ಗಟ್ಟಿಗಳು, ಪತ್ರೆ, ಉಪ್ಪು, ಮಣ್ಣು ಬಿದ್ದವು. ಮೇಲಕ್ಕೆ ಹತ್ತಲು ಯಾರೋ ಕೈ ಕೊಟ್ಟರು. ಅವನು ಚಾಚಿದ್ದು ಎಡಗೈ. ಅವತ್ತಿನಿಂದ ಅದಕ್ಕೆ ಜೋಮು.

ನಾಲ್ಕನೆಯ ದಿನ ಪೆಟ್ರೋಲು ಹಾಕಿಸಲು ಹೊರಟು ಜಾಕೆಟ್ಟು ತೊಟ್ಟಾಗ ಒಳಜೇಬಿನಲ್ಲಿ ಹತ್ತಿಯ ಉಂಡೆ ಸಿಕ್ಕಿತು. ಕೂಗಬೇಕು ಅನ್ನಿಸಲಿಲ್ಲ, ಅಳಬೇಕು ಅನ್ನಿಸಲಿಲ್ಲ. ಟ್ಯಾಂಕು ತುಂಬಿಸಿ ಮನೆಗೆ ಬಂದು ಉಪ್ಪಿಟ್ಟು ತಿಂದ. ಯಾರಿಗೆ ಹೇಳುವುದು? ಹೇಳಿದರೆ ಗುಣಿ ಅಗೆಯಬೇಕೇ? ಅಪ್ಪಾಜಿಯ ಖಾಲಿ ಮುಷ್ಟಿಯನ್ನು ನೆಂಟರೆಲ್ಲ ನೋಡಬೇಕೇ? ಲಿಂಗವಿಲ್ಲದೆ ಹೋದವರು ಎಲ್ಲಿಗೆ ಹೋಗುತ್ತಾರೆ ಎಂದು ಅಮ್ಮ ಕೇಳಿದರೆ ಅದಕ್ಕೆ ಯಾವ ಊರಿನ ಸ್ಥಳೀಯರು ಉತ್ತರ ಹೇಳಬೇಕು? ಆಮೇಲೊಂದು ದಿನ ಕಾಲೇಜಿನಲ್ಲಿ, ಟೀ ಕುಡಿಯುತ್ತ, ಯಾರೋ ಫೋನಿನಲ್ಲಿ ತೋರಿಸಿದ ನೀಲಿ ಸರೋವರವೊಂದನ್ನು ನೋಡಿ, ಅಷ್ಟು ದೂರದ, ಅಷ್ಟು ಆಳದ, ತನ್ನ ಹೆಸರು ಗೊತ್ತಿಲ್ಲದ ನೀರಿನಲ್ಲಿ ಇದನ್ನು ಬಿಟ್ಟುಬಂದರೆ ಮುಗಿಯಿತು ಎಂದು ಅನ್ನಿಸಿತು. ನಾನು ಬೈಕಲ್ಲಿ ಸ್ಪಿತಿಗೆ ಹೋಗ್ತಾ ಇದೀನಿ ಎಂದು ಬಾಯಿ ಹೇಳಿತು. ಎಲ್ಲರೂ ಹೋ ಎಂದರು. ಸಲಹೆ ಶುರುವಾಯಿತು. ಹತ್ತು ತಿಂಗಳು ಸಲಹೆಯ ಒಳಗೆ ಅವನು ಹಾಯಾಗಿ ಇದ್ದ. ಹೋಗುವವನನ್ನು ಯಾರೂ ಬೇರೆ ಪ್ರಶ್ನೆ ಕೇಳುವುದಿಲ್ಲ. ಆದರೆ ಈಗ ವರ್ಷಾಬ್ದಿ ಹತ್ತಿರ ಬಂದಿತ್ತು. ಕೊಟ್ರಪ್ಪ ದಾವಣಗೆರೆಯಿಂದ ಫೋನು ಮಾಡಿ, ಗುಣಿ ಮೇಲಿನ ಗದ್ದಿಗೆಗೆ ಗ್ರಾನೈಟು ಬಂದಿದೆ, ಬುಧವಾರ ಕೂರಿಸ್ತಾರೆ, ಒಂದ್ಸಲ ಕೂತ್ರೆ ಮುಗೀತು, ನೂರು ವರ್ಷ ಅಲ್ಲಾಡಲ್ಲ ಎಂದಿದ್ದರು. ಆ ಭರವಸೆಗೇ, ಕಲ್ಲು ಕೂರುವಾಗ ತಾನು ದೂರವಿರಲಿ ಎಂದು, ಚನ್ನವೀರೇಶ ಸೋಮವಾರವನ್ನು ಗೊತ್ತುಮಾಡಿದ್ದ.

ಬೆಟ್ಟಯ್ಯ ಹೇಳಿದ ಹಾಗೆ ಶನಿವಾರ ಅವನು ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ, ಜ್ಯೋತಿಲಕ್ಷ್ಮಿ ಶಾಲೆಗೆ ಹೋದಮೇಲೆ, ಒಂದೊಂದೇ ಸಾಮಾನು ತೂಗಿದ. ಪಂಕ್ಚರು ಕಿಟ್ಟು, ಉಣ್ಣೆಯ ಕಾಲುಚೀಲ, ಬಿಡಿ ಕೇಬಲ್ಲು, ಜ್ವರದ ಗುಳಿಗೆ, ಕಲ್ಯಾಣಮ್ಮ ಮಾಡಿಕೊಟ್ಟ ಶೇಂಗಾ ಚಟ್ನಿಪುಡಿ. ಪ್ರತಿಯೊಂದಕ್ಕೂ ಹೆಸರು, ಎದುರಿಗೆ ತೂಕ. ಕೊನೆಗೆ ಹತ್ತಿಯ ಉಂಡೆಯನ್ನು ಬಿಚ್ಚಿ ತಕ್ಕಡಿಯ ಮೇಲೆ ಇಟ್ಟ. ಅಂಕಿಗಳು ಸ್ವಲ್ಪ ತಡಬಡಾಯಿಸಿ ನಿಂತವು. ಒಂದು ಸಾಲು ಬರೆಯಲು ಹೋದ ಪೆನ್ನು ನಿಂತಿತು. ‘ಇತರೆ, ೩೧ ಗ್ರಾಂ’ ಎಂದು ಬರೆದ. ಆ ಹೊತ್ತಿಗೆ ಕಲ್ಯಾಣಮ್ಮ ಕೊತ್ತಂಬರಿ ತೊಳೆಯಲು ಒಳಗೆ ಬಂದರೆಂದು ಅವನು ಕರಿ ಕಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಸುಬೇದಾರರ ದನಿಯಲ್ಲಿ ಏನೋ ಹೇಳಿ ಹೊರಗೆ ಹೋದ. ನೋಟುಪುಸ್ತಕ ಕಟ್ಟೆಯ ಮೇಲೆಯೇ ಉಳಿಯಿತು. ಸಂಜೆ ನೋಡಿದಾಗ ಅದು ಅಲ್ಲೇ ಇತ್ತು, ಆದರೆ ಅದರ ಮೇಲೆ ಅಮ್ಮನ ಕನ್ನಡಕ ಮಡಿಸಿ ಇಟ್ಟಿತ್ತು.

ಭಾನುವಾರ ಮಧ್ಯಾಹ್ನ ಕಾಜಾದ ಛೇರಿಂಗನಿಗೆ ಫೋನು ಮಾಡಿದ. ಛೇರಿಂಗ್ ಅಲ್ಲಿ ಮನೆಯ ಎರಡು ಕೋಣೆಗಳನ್ನು ಬರುವವರಿಗೆ ಕೊಡುತ್ತಿದ್ದ. ನೂರ ಹದಿನಾಲ್ಕು ಸಲಹೆ ಕೊಟ್ಟವರಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತಿದ್ದವನು ಅವನೊಬ್ಬನೇ. ಹಿಂದಿಯಲ್ಲಿ ನಡೆದ ಮಾತು. ರಸ್ತೆ ತೆರೆದಿದೆ, ರಸ್ತೆಗೆ ಅಡ್ಡ ಹರಿಯುವ ನಾಲೆಯಲ್ಲಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬೆಳಿಗ್ಗೆಯೇ ದಾಟಿ ಎಂದ. ಚನ್ನವೀರೇಶ ಬರೆದುಕೊಂಡ. ಆಮೇಲೆ, ಬೇರೆ ಯಾರದೋ ವಿಷಯ ವಿಚಾರಿಸುವವನ ಹಾಗೆ, ಸರೋವರದಲ್ಲಿ ಏನಾದರೂ ಬಿಡಬಹುದೇ ಎಂದು ಕೇಳಿದ. ಆ ಕಡೆ ಗಾಳಿಯ ಸದ್ದು. ಏನು ಬಿಡೋದು, ಬೂದಿಯಾ ಎಂದ ಛೇರಿಂಗ್. ಅಲ್ಲ, ಕಲ್ಲು, ಚಿಕ್ಕದು. ಸಾಬ್, ಇಲ್ಲಿ ಕಲ್ಲಿಗೆ ಬರ ಇಲ್ಲ ಎಂದ. ಗೇಲಿ ಮಾಡುವ ದನಿ ಅಲ್ಲ, ಸಾಮಾನಿನ ವಿಷಯ ಹೇಳುವ ದನಿ. ಆಮೇಲೆ, “ಎಲ್ಲರೂ ಏನನ್ನೋ ಬಿಟ್ಟುಹೋಗೋಕೆ ಇಲ್ಲಿಗೆ ಬರ್ತಾರೆ. ಅವರು ಹೋದ್ಮೇಲೆ ಅದನ್ನ ಎತ್ತೋರು ನಾವು. ಅದು ಯಾವ ಊರಿನ ಕಲ್ಲೋ ಆ ಊರಿನವರನ್ನ ಕೇಳಿ ಸಾಬ್” ಎಂದ. ಚನ್ನವೀರೇಶ ಥ್ಯಾಂಕ್ಸ್ ಹೇಳಿ ಇಟ್ಟ. ಛೇರಿಂಗನ ದನಿ ತೆಗೆಯಲು ಒಮ್ಮೆ ಪ್ರಯತ್ನಿಸಿದ, ಅದರಲ್ಲಿ ಹಿಡಿಯಲು ಕೊಂಕೊಂದೂ ಇರಲಿಲ್ಲ. ನೂರ ಹದಿನೈದು ಎಂದು ಅಂಕಿ ಹಾಕಿ, ಎದುರಿಗೆ ಏನೂ ಬರೆಯದೆ ಪುಸ್ತಕ ಮುಚ್ಚಿದ. ಹೋಗದಿರುವುದಕ್ಕೂ ಈಗ ತಡವಾಗಿತ್ತು. ಓಣಿಯವರೆಲ್ಲ ಬೆಳಿಗ್ಗೆ ಬೇಗ ಏಳಲು ಅಲಾರಮ್ಮು ಇಟ್ಟುಕೊಂಡಿದ್ದರು.

ಸೋಮವಾರ ಏಳೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಚಕ್ರ ಉರುಳಬೇಕು ಎಂದು ವೆಂಕಟಗಿರಿ ರಾಯರು ಆರೂವರೆಯಿಂದ ಗೇಟಿನ ಹತ್ತಿರ ನಿಂತಿದ್ದರು. ಬೆಟ್ಟಯ್ಯ ಅತ್ತಿಗುಪ್ಪೆಯಿಂದ ಬಂದು, ಎರಡು ಚಕ್ರದಡಿಗೂ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಸುತ್ತಿದ್ದ. ಎರಡು ಪಕ್ಕದ ಚೀಲ, ಹಿಂದಿನ ಸೀಟಿನ ಮೇಲೆ ಹಗ್ಗ ಬಿಗಿದ ಉದ್ದನೆಯ ಗಂಟು, ಗಂಟಿನ ಮೇಲೆ ನೀರಿನ ಕ್ಯಾನು. ಮದುವೆ ದಿಬ್ಬಣಕ್ಕೆ ಹೊರಟ ಹಾಗಿತ್ತು, ವರನಿಗೆ ಮಾತ್ರ ಹೆಣ್ಣು ಯಾರೆಂದು ಗೊತ್ತಿಲ್ಲ. ಜ್ಯೋತಿಲಕ್ಷ್ಮಿ ಫೋಟೋ ತೆಗೆಯುತ್ತಿದ್ದಳು. ಸ್ವಲ್ಪ ನಗಿ ಎಂದಳು. ಅವನು ನಕ್ಕ, ಯಾರದೋ ನಗುವನ್ನು ಚೆನ್ನಾಗಿಯೇ ನಕ್ಕ. ಆಗ ಕಲ್ಯಾಣಮ್ಮ ಹೊರಗೆ ಬಂದರು. ಕೈಯಲ್ಲಿ ಆರತಿ ತಟ್ಟೆ ಇರಲಿಲ್ಲ. ಅವನ ಮುಂದೆ ಬಂದು ನಿಂತು, ಗ್ಲೌಸು ತೆಗಿ ಎಂದರು. ಎಡಗೈ ಚಾಚು ಎಂದರು. ಚಾಚಿದ. ಸೆರಗಿನೊಳಗಿಂದ ಬೆಳ್ಳಿಯ ಕರಡಿಗೆ ತೆಗೆದು ಆ ಅಂಗೈಯ ಮೇಲೆ ಇಟ್ಟರು. ಹನ್ನೊಂದು ತಿಂಗಳಿಂದ ದೇವರಗೂಡಿನಲ್ಲಿ ಇದ್ದದ್ದು, ಹುಣಿಸೆಹಣ್ಣಿನಿಂದ ಉಜ್ಜಿ ಹೊಳೆಯುತ್ತಿತ್ತು. ಕರಡಿಗೆ ಮುಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ, ಕಂಡಿತು ಅಷ್ಟೇ.

“ತೂಕ ನೋಡು” ಎಂದರು ಕಲ್ಯಾಣಮ್ಮ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. “ಎಲ್ಲಾದ್ರದ್ದೂ ತೂಗಿದೀಯಲ್ಲ.”

“ಹಗುರ ಇದೆ ಅಮ್ಮ.”

“ಅವತ್ತು ಗುಣೀಲಿ ನಿನ್ ಕೈಗೆ ಕೊಟ್ಟಾಗ್ಲೂ ಇಷ್ಟೇ ಇತ್ತು. ವಾಪಸ್ ನನ್ ಕೈಗೆ ಬಂದಾಗ್ಲೂ ಇಷ್ಟೇ ಇತ್ತು.”

ರಾಯರು ಗಡಿಯಾರ ನೋಡಿ, ಏಳೂ ಹತ್ತು ಎಂದು ಯಾರಿಗೂ ಅಲ್ಲದೆ ಹೇಳಿದರು. ಚನ್ನವೀರೇಶನ ಕಣ್ಣು ಅಮ್ಮನ ಬೆರಳುಗಳ ಮೇಲಿತ್ತು. ನಲವತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಪೂಜೆಗೆ ಅಣಿಮಾಡಿ, ಆ ಕರಡಿಗೆಯನ್ನು ಎತ್ತಿಕೊಟ್ಟ ಬೆರಳುಗಳು. ಅವಕ್ಕೆ ತಕ್ಕಡಿ ಬೇಕಿರಲಿಲ್ಲ. ಗೊತ್ತಿದ್ದೂ ಯಾಕೆ ಕೊಟ್ಟೆ ಎಂದು ಕೇಳಿದ. ಕೇಳಿದ್ದು ತುಟಿ ಮಾತ್ರ.

“ಅಷ್ಟ್ ಜನ ಸುತ್ತ ನಿಂತಿದ್ರು. ಬೇರೆ ಕಡೆ ಇಟ್ಕೊಂಡಿದೀಯೇನೋ, ತೆಗೀತೀಯ ಅಂದ್ಕೊಂಡೆ. ಆಮೇಲೆ ನೀನ್ ಎತ್ತಿ ಹಣೆಗ್ ಒತ್ಕೊಂಡು, ಅವ್ರ್ ಕೈಲಿಟ್ಟು ಬೆರಳು ಮಡ್ಸ್ದೆ ನೋಡು.” ಕಲ್ಯಾಣಮ್ಮ ಅವನ ಎಡಗೈ ಕಡೆ ನೋಡಿದರು. “ನಂಗೇ ನಂಬಿಕೆ ಬಂತು ಕಣೋ. ಕೈಗೆ ಗೊತ್ತಾಗಿದ್ದು ಸುಳ್ಳು ಅನ್ನಿಸ್ತು. ಅಷ್ಟ್ ಚೆನ್ನಾಗ್ ಮಾಡ್ದೆ.”

ಅವನ ಕಲೆಗೆ ಅಮ್ಮ ಹೇಳಿದ ಮೊದಲ ಹೊಗಳಿಕೆ ಅದು. ಮನೆಯಲ್ಲಿ, ಕಾಲೇಜಿನಲ್ಲಿ, ನೆಂಟರ ಹಜಾರಗಳಲ್ಲಿ ಅವನು ಗಳಿಸಿದ ಚಪ್ಪಾಳೆಗಳೆಲ್ಲ ಎಲ್ಲೋ ದೂರದ ಕೋಣೆಯಲ್ಲಿ ಒಮ್ಮೆಗೇ ಬಿದ್ದು ನಿಂತ ಹಾಗಾಯಿತು. ಅವನು ಜಾಕೆಟ್ಟಿನ ಜಿಪ್ಪು ಎಳೆದು, ಒಳಜೇಬಿನಿಂದ ಹತ್ತಿಯ ಉಂಡೆ ತೆಗೆದು, ಬಿಚ್ಚಿ, ಲಿಂಗವನ್ನು ಕರಡಿಗೆಯೊಳಗೆ ಇಟ್ಟ. ಈ ಸಲ ಬೆರಳು ತಡಬಡಿಸಿದವು, ಕಲ್ಲು ಅಂಚಿಗೆ ತಾಗಿ ಜಾರಿ, ಎರಡನೆಯ ಸಲಕ್ಕೆ ಕೂತಿತು. ಮುಚ್ಚಳ ಟಿಕ್ಕೆಂದಿತು. ಜ್ಯೋತಿಲಕ್ಷ್ಮಿ ಫೋನು ಕೆಳಗಿಳಿಸಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಲೆಕ್ಕ ಮೆಲ್ಲನೆ ಬಿಡಿಸಿಕೊಳ್ಳುತ್ತಿತ್ತು. ಕಲ್ಯಾಣಮ್ಮ ಕರಡಿಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು, ಒಮ್ಮೆ ತೂಗಿದರು, ಸೆರಗಿನಲ್ಲಿ ಕಟ್ಟಿಕೊಂಡರು. ಅಯ್ಯನವ್ರಿಗೆ ನಿನ್ನೆ ಎಲ್ಲ ಹೇಳಿದೀನಿ, ಎಂಟು ಗಂಟೆಗೆ ಗುಣಿ ಹತ್ರ ಇರ್ತಾರೆ, ಪೂರ್ತಿ ಅಗೆಯೋದೇನೂ ಬೇಡ್ವಂತೆ, ಕಲ್ಲು ಕೂರ್ಸೋಕ್ ಮುಂಚೆ ನೆತ್ತಿ ಹತ್ರ ಮಣ್ಣಲ್ಲಿ ಇಟ್ರೆ ಸೇರುತ್ತಂತೆ ಎಂದರು. ಹೇಳುತ್ತ ಹೇಳುತ್ತಲೇ ಹಿಂದಿನ ಸೀಟಿನ ಗಂಟನ್ನು ಕೈಯಲ್ಲಿ ತಟ್ಟಿ, ಇದನ್ ಬಿಚ್ಚು, ನಾನೆಲ್ಲಿ ಕೂತ್ಕೊಳ್ಳಿ ಎಂದರು.

ಆಟೋದಲ್ಲಿ ಹೋಗಬಹುದಿತ್ತು. ಅದು ಅವನಿಗೂ ಹೊಳೆಯಲಿಲ್ಲ, ಬೇರೆ ಯಾರೂ ಹೇಳಲಿಲ್ಲ. ಅಷ್ಟೊಂದು ಅಳೆದು ತೂಗಿ ಕಟ್ಟಿದ್ದ ಗಂಟನ್ನು ಚನ್ನವೀರೇಶ ಬಿಚ್ಚತೊಡಗಿದಾಗ ಬೆಟ್ಟಯ್ಯ, ಸಾರ್, ಬ್ಯಾಲೆನ್ಸ್ ಎಲ್ಲ ಹೋಯ್ತು ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ. ಗಂಟು ಜಗುಲಿಯ ಮೇಲೆ ಕೂತಿತು. ಕಲ್ಯಾಣಮ್ಮ ಸೀರೆ ಒತ್ತರಿಸಿಕೊಂಡು, ಮಗನ ಭುಜ ಹಿಡಿದು, ಒಂದೇ ಕಡೆಗೆ ಕಾಲು ಹಾಕಿ ಕೂತರು. “ಏನ್ರಮ್ಮಾ, ನೀವೂ ಹಿಮಾಲಯಕ್ಕಾ?” ಎಂದರು ವೆಂಕಟಗಿರಿ ರಾಯರು. ಕಲ್ಯಾಣಮ್ಮ ಹೂಂ ಎಂದರು. ನಿಂಬೆಹಣ್ಣು ಎರಡೂ ಒಡೆದವು. ಓಣಿಯವರು ಕೈಬೀಸಿದರು, ಮೇಲಿನ ಮನೆಯ ಬಾಲ್ಕನಿಯಿಂದ ಯಾರೋ ಸೀಟಿ ಹೊಡೆದರು. ಏಳೂ ಇಪ್ಪತ್ತಾರು.

ಮಾಗಡಿ ರಸ್ತೆಗೆ ಬಂದು ಸೇರಿದ ಮೇಲೆ, ಎರಡು ಸಿಗ್ನಲ್ಲು ದಾಟಿ, ಒಂದು ಕೂಡುರಸ್ತೆಯ ಹತ್ತಿರ ಅವನಿಗೆ ದಾರಿ ನಿಂತಿತು. ಝಾನ್ಸಿಯಲ್ಲಿ ಯಾವ ಬೈಪಾಸು ಹಿಡಿಯಬೇಕು ಎಂಬುದು ಗೊತ್ತಿತ್ತು, ಸ್ಪಿತಿಯ ನಾಲೆ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದೂ. ರುದ್ರಭೂಮಿಗೆ ಮಾತ್ರ ಅವತ್ತು ಹೂವಿನ ಲಾರಿಯಲ್ಲಿ ಅಪ್ಪಾಜಿಯ ಮುಖಕ್ಕೆ ಮುಖವಾಗಿ, ಬಂದ ದಾರಿಯನ್ನೇ ನೋಡುತ್ತ ಹೋದದ್ದು. ಆಮೇಲಿನ ಕಾರ್ಯಗಳಿಗೆ ತಲೆನೋವು, ಪರೀಕ್ಷೆ, ಗಾಡಿ ಕೆಟ್ಟಿದೆ ಎಂದು ಕೊಟ್ರಪ್ಪನನ್ನೇ ಕಳಿಸಿದ್ದ. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು, ಯಾವ ಕಡೆ ಅಮ್ಮ ಎಂದ. ನಾನೇನ್ ಕಣ್ ಬಿಟ್ಕೊಂಡ್ ಹೋಗಿದ್ನಾ, ಯಾರನ್ನಾದ್ರೂ ಕೇಳು ಎಂದರು ಕಲ್ಯಾಣಮ್ಮ. ಎಳನೀರಿನ ಗಾಡಿಯ ಹಿಂದೆ ನಿಂತಿದ್ದವನು, ಹಾರ ಹಾಕಿದ ಬುಲೆಟ್ಟು, ಕಬ್ಬಿಣದ ಚೌಕಟ್ಟು, ಹಿಂದೆ ಸೀರೆಯುಟ್ಟು ಕೂತ ವಯಸ್ಸಾದ ಹೆಂಗಸು ಎಲ್ಲವನ್ನೂ ಒಂದು ಸಲ ನೋಡಿದ. ಚನ್ನವೀರೇಶ ಒಂದು ಕಾಲು ಊರಿದ. ಹೆಲ್ಮೆಟ್ಟಿನ ಗಾಜು ಎತ್ತಿದ.

“ತಮ್ಮಾ, ಒಂಚೂರು ದಾರಿ ಹೇಳ್ತೀಯೇನಪ್ಪಾ?”

ಗಂಟಲು ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಿ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಿತ್ತು. ಅವನು ತೆಗೆದ ದನಿಯಲ್ಲ. ಅದು ಅನುಕರಣೆಯೋ, ಅಥವಾ ನಲವತ್ತಾರು ವರ್ಷಕ್ಕೆ ತನಗೇ ಬಂದ ದನಿಯೋ ಎಂದು ಯೋಚಿಸುವಷ್ಟರಲ್ಲಿ ಭುಜದ ಮೇಲಿದ್ದ ಕೈ ಒಮ್ಮೆ ಬಿಗಿಯಾಯಿತು, ಬಿಗಿಯಾಗಿಯೇ ಉಳಿಯಿತು. ಎಳನೀರಿನವನು ಮಚ್ಚಿನಿಂದಲೇ ದಾರಿ ತೋರಿಸಿ ಏನೋ ಹೇಳಿದ. ಚನ್ನವೀರೇಶನಿಗೆ ಅದು ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಬೇಕೆಂದು ಬಾಯಿ ತೆರೆದ.

“ಎಡಕ್ಕಂತೆ” ಎಂದರು ಹಿಂದಿನಿಂದ ಕಲ್ಯಾಣಮ್ಮ. “ನಡೀರಿ.”

ಆ ಬಹುವಚನ ಯಾರಿಗೆ ಎಂದು ಅವನು ಕೇಳಲಿಲ್ಲ. ಜೋಮು ಹಿಡಿದ ಕೈಯಿಂದ ಕ್ಲಚ್ಚು ಒತ್ತಿ, ಎಡಕ್ಕೆ ತಿರುಗಿಸಿದ.